ಒಂದೇ ವಾಕ್ಯದ ಠರಾವು

ಮಧುಗಿರಿಯ ಸಂಯೋಜಕರು ನನಗೆ ಕಳಿಸಿದ್ದು ಹನ್ನೊಂದು ಹಾಳೆಯ ಒಂದು ನಿಯಮ ಪುಸ್ತಿಕೆ. ಅಷ್ಟೂ ಇಂಗ್ಲಿಷಿನಲ್ಲಿತ್ತು. ಕಳಿಸಿದ ಮೇಲೆ ಫೋನ್ ಮಾಡಿ ಹೇಳಿದರು: "ಮಕ್ಕಳಿಗೆ ಮಾತಾಡೋದು ನಾನು ಕಲಿಸ್ತೀನಿ ಮೇಡಂ. ಬರೆಯೋದು ನಿಮ್ಮ ಪಾಲು. ಏಳು ಶನಿವಾರ ಇದೆ ನೋಡಿ."

ನಮ್ಮ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಂದ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸರ್ಕಾರಿ ಪ್ರೌಢಶಾಲೆಗಳಿಂದ, ನಲವತ್ತು ಮಕ್ಕಳನ್ನು ಆರಿಸಿದ್ದರು. ಒಬ್ಬೊಬ್ಬರೂ ಒಂದೊಂದು ದೇಶದ ಪ್ರತಿನಿಧಿಯಾಗಿ ಎರಡು ದಿನ ಸಭೆಯಲ್ಲಿ ಕೂರಬೇಕು. ಪ್ರಪಂಚದ ದೇಶಗಳು ಒಂದೆಡೆ ಸೇರಿ ಹೇಗೆ ವಾದಿಸಿ, ಕರಡು ಬರೆದು, ತಿದ್ದಿ, ಕೊನೆಗೆ ಮತಕ್ಕೆ ಹಾಕುತ್ತವೋ ಹಾಗೆಯೇ ಇವರೂ ಮಾಡಬೇಕು. ಮಾದರಿ ರಾಷ್ಟ್ರಸಭೆ ಎಂದು ಅದರ ಹೆಸರು. ದೊಡ್ಡ ಊರಿನ ಇಂಗ್ಲಿಷ್ ಶಾಲೆಗಳಲ್ಲಿ ಇದು ವರ್ಷ ವರ್ಷ ನಡೆಯುತ್ತದಂತೆ. ನಮ್ಮ ಕಡೆ ಇದೇ ಮೊದಲು, ಅದೂ ಕನ್ನಡದಲ್ಲಿ. ಆ ಕಾರಣಕ್ಕೇ ಸಮಾಜ ವಿಜ್ಞಾನದ ಮೇಷ್ಟ್ರಾದ ಸಂಯೋಜಕರು ಕಳ್ಳಂಬೆಳ್ಳ ಹೋಬಳಿಯ ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನನ್ನನ್ನು ಹುಡುಕಿದ್ದರು. ವ್ಯಾಕರಣ ಬಿಟ್ಟರೆ ನನಗೂ ಪ್ರಪಂಚದ ರಾಜಕೀಯಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಪುಸ್ತಿಕೆಯನ್ನು ಎರಡು ಸಲ ಓದಿದ ಮೇಲೆ ವಿಷಯ ತಿಳಿಯಿತು. ಸಭೆಯ ಎಲ್ಲ ಮಾತೂ ಕೊನೆಗೆ ಹೋಗಿ ಸೇರುವುದು ಒಂದು ಠರಾವಿಗೆ. ಆ ಠರಾವು ಎಷ್ಟು ಪುಟವಾದರೂ ವ್ಯಾಕರಣದ ಪ್ರಕಾರ ಒಂದೇ ವಾಕ್ಯ. ಮೊದಲ ಭಾಗದಲ್ಲಿ ಈ ಠರಾವು ಯಾಕೆ ಎಂಬುದು ಬರುತ್ತದೆ: ಇದನ್ನು ನೆನೆದು, ಇದನ್ನು ಗಮನಿಸಿ, ಇದರಿಂದ ಕಳವಳಗೊಂಡು ಎಂದು. ಎರಡನೆಯ ಭಾಗದಲ್ಲಿ ಏನು ಮಾಡಬೇಕೆಂಬುದು, ಒಂದು, ಎರಡು, ಮೂರು ಎಂದು ಅಂಶಗಳಾಗಿ. ಇಷ್ಟಕ್ಕೂ ಪೂರ್ಣವಿರಾಮ ಒಂದೇ. ಪ್ರತಿ ಅಂಶವೂ ಪುಸ್ತಿಕೆ ಕೊಟ್ಟ ಪಟ್ಟಿಯಲ್ಲಿನ ಒಂದು ಪದದಿಂದಲೇ ಶುರುವಾಗಬೇಕು, ಆ ಪದಕ್ಕೆ ಅಡಿಗೆರೆ ಎಳೆದಿರಬೇಕು. ಇಲ್ಲದಿದ್ದರೆ ಅಧ್ಯಕ್ಷ ಪೀಠ ಕರಡನ್ನು ವಾಪಸು ಕಳಿಸಬಹುದು.

ನಾನು ಶ್ರದ್ಧೆಯಿಂದ ಆ ಪಟ್ಟಿಯನ್ನು ಅನುವಾದ ಮಾಡಿದೆ. ಐವತ್ತು ಚಿಲ್ಲರೆ ಪದಗಳು. ಮೊದಲ ಶನಿವಾರ ಕಳ್ಳಂಬೆಳ್ಳದಿಂದ ಶಿರಾ, ಶಿರಾದಿಂದ ಮಧುಗಿರಿಗೆ ಬಸ್ಸು ಬದಲಿಸಿ ಹೋಗಿ, ಬೋರ್ಡಿನ ಮೇಲೆ ಮಾದರಿಯೊಂದನ್ನು ಬರೆದೆ.

"ಕಳವಳಗೊಂಡು, ಹುಲ್ಲುಗಾವಲುಗಳು ಕಡಿಮೆಯಾಗುತ್ತಿರುವ ಬಗ್ಗೆ; ಒತ್ತಾಯಿಸುತ್ತದೆ, ಸದಸ್ಯ ರಾಷ್ಟ್ರಗಳನ್ನು, ಅವುಗಳನ್ನು ಕಾಪಾಡಬೇಕೆಂದು."

ನಲವತ್ತು ಮಕ್ಕಳೂ ತಲೆ ಬಗ್ಗಿಸಿ ಬರೆದುಕೊಂಡರು. ಒಬ್ಬರೂ ನಗಲಿಲ್ಲ. ಅದೇ ನನಗೆ ಕಸಿವಿಸಿಯಾಯಿತು. ಎರಡನೆಯ ಸಾಲಿನ ಒಂದು ಹುಡುಗಿ ಮಾತ್ರ ಪೆನ್ನು ಕೆಳಗಿಟ್ಟು ಬೋರ್ಡನ್ನೇ ನೋಡುತ್ತಿದ್ದಳು.

"ಯಾಕಮ್ಮ, ಬರ್ಕೊಳ್ಳಲ್ವಾ?"

ಎದ್ದು ನಿಂತಳು. "ಮೇಡಂ, ಇದು ತಿರುಗಾಮುರುಗಾ ಐತೆ ಕದಾ?"

ಪಾವಗಡ ತಾಲ್ಲೂಕು, ವಳ್ಳೂರಿನ ಕಡೆಯವಳು. ಆ ಕಡೆಯವರ ಮಾತಿನ ಕೊನೆಗೆ ಒಂದು ತೆಲುಗಿನ ಬಾಲ ಇದ್ದೇ ಇರುತ್ತದೆ. ತಾಯಿ ಕುರಿ ಮೇಯಿಸುತ್ತಾರೆ ಎಂದು ಆಮೇಲೆ ತಿಳಿಯಿತು. ಚೀಟಿ ಎತ್ತಿದಾಗ ಅವಳಿಗೆ ಬಂದ ದೇಶ ಮಂಗೋಲಿಯಾ.

"ಹೌದು, ಸ್ವಲ್ಪ ಹಾಗೆ ಅನಿಸ್ತದೆ. ನಿಯಮ ಹಾಗಿದೆ. ರೂಢಿಯಾದ ಮೇಲೆ ಸರಿಹೋಗತ್ತೆ," ಎಂದೆ.

ಅವಳು ಕೂತು ಬರೆದುಕೊಂಡಳು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ನನಗೇ ನಾಚಿಕೆಯಾಯಿತು. ಮಕ್ಕಳ ಕನ್ನಡ ತಿದ್ದಿ ಸಂಬಳ ತಗೊಳ್ಳುವವಳು ನಾನು. ಅಂಥ ವಾಕ್ಯವನ್ನು ಹತ್ತನೆಯ ತರಗತಿಯ ಉತ್ತರ ಪತ್ರಿಕೆಯಲ್ಲಿ ಯಾರಾದರೂ ಬರೆದಿದ್ದರೆ ಸುತ್ತು ಹಾಕಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡುತ್ತಿದ್ದೆ.

ಎರಡನೆಯ ಶನಿವಾರವೂ ಅದೇ ಧಾಟಿಯಲ್ಲಿ ಹೋಯಿತು. ಮಕ್ಕಳು ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. "ಮರುದೃಢೀಕರಿಸುತ್ತಾ" ಅಂದರೆ ಏನು ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಎಷ್ಟನೆಯದು ಎಂದು ಮಾತ್ರ ಗೊತ್ತಿತ್ತು.

ಆ ವಾರವೇ ನಮ್ಮ ಶಾಲೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಸಭೆ ಇತ್ತು. ಅದರ ನಡವಳಿ ಬರೆಯುವುದು ಎಷ್ಟೋ ವರ್ಷದಿಂದ ನನ್ನ ಕೆಲಸ. ಸಭೆ ಮುಗಿದ ಮೇಲೆ ಪುಸ್ತಕ ತೆಗೆದು ಎಂದಿನಂತೆ ಬರೆದೆ: "ಹೆಣ್ಣುಮಕ್ಕಳ ಶೌಚಾಲಯದ ನೀರಿನ ಪೈಪು ಒಡೆದಿರುವುದನ್ನು ಗಮನಿಸಿ, ಈ ಬಗ್ಗೆ ಹಿಂದಿನ ಸಭೆಯಲ್ಲಿ ಆದ ತೀರ್ಮಾನವನ್ನು ಪರಿಶೀಲಿಸಿ, ಸದರಿ ಪೈಪನ್ನು ಹದಿನೈದು ದಿನದೊಳಗೆ ಬದಲಾಯಿಸಲು ಗ್ರಾಮ ಪಂಚಾಯಿತಿಯನ್ನು ಕೋರಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು." ಬರೆದು ಪೂರ್ಣವಿರಾಮ ಇಟ್ಟೆ. ಪೆನ್ನು ಅಲ್ಲೇ ನಿಂತಿತು.

ಇದು ಒಂದೇ ವಾಕ್ಯ. ಮೊದಲು ಯಾಕೆ ಎಂಬುದು, ಆಮೇಲೆ ಏನು ಎಂಬುದು. ಗಮನಿಸಿ, ಪರಿಶೀಲಿಸಿ, ಕೊನೆಗೆ ತೀರ್ಮಾನಿಸಿತು. ಇಂಗ್ಲಿಷಿನವರು ಇಷ್ಟು ಸಂಪ್ರದಾಯ ಮಾಡಿ, ಅಡಿಗೆರೆ ಎಳೆದು, ಕಷ್ಟಪಟ್ಟು ಕಟ್ಟುವ ಒಂದೇ ವಾಕ್ಯದ ಠರಾವು ನಮ್ಮ ನಡವಳಿ ಪುಸ್ತಕದಲ್ಲಿ ಎಂದಿನಿಂದಲೋ ಇದೆ. ನೋಡಿ, ಮಾಡಿ, ಕೇಳಿ, ಹೋಗಿ ಎಂದು ಎಷ್ಟು ಬೇಕಾದರೂ ಪೋಣಿಸಿಕೊಂಡು ಹೋಗಿ ತುದಿಯಲ್ಲಿ ಒಂದು ಕ್ರಿಯಾಪದ ಇಟ್ಟರೆ ಕನ್ನಡದ ವಾಕ್ಯ ಗಟ್ಟಿಯಾಗಿ ನಿಲ್ಲುತ್ತದೆ. ನಾನು ಅದನ್ನು ತಲೆಕೆಳಗೆ ಮಾಡಿ ಮಕ್ಕಳ ಕೈಗೆ ಕೊಟ್ಟಿದ್ದೆ.

ಮೂರನೆಯ ಶನಿವಾರ ತರಗತಿಗೆ ಮೊದಲೇ ಸಂಯೋಜಕರ ಹತ್ತಿರ ಹೇಳಿದೆ. ಕ್ರಿಯಾಪದ ಕೊನೆಗೇ ಬರಲಿ, ಅಡಿಗೆರೆಯನ್ನು ಅಲ್ಲೇ ಎಳೆಯೋಣ, ಅನುವಾದದ ಪಟ್ಟಿ ಬಿಟ್ಟುಬಿಡೋಣ ಎಂದೆ.

ಅವರ ಮುಖ ಸಣ್ಣಗಾಯಿತು. "ಮೇಡಂ, ನೀವು ಹೇಳೋದು ನನಗೂ ಸರಿ ಅನ್ನುಸ್ತದೆ. ಆದ್ರೆ ರೂಲ್ಸು ನಾವು ಮಾಡಿದ್ದಲ್ಲ. ಅಧ್ಯಕ್ಷರಾಗಿ ಬರೋರು ಬೆಂಗಳೂರಿಂದ ಬರ್ತಾರೆ. ಅವರು ಕರಡು ತಗೊಳ್ಳಲ್ಲ ಅಂದ್ಬುಟ್ರೆ? ನಲವತ್ತು ಮಕ್ಕಳ ಕೆಲ್ಸ ನೀರಲ್ಲಿ ಹೋಮ ಆಗ್ತದೆ."

"ಪತ್ರ ಬರೆದು ಕೇಳೋಣ."

"ಕೇಳಿ. ಉತ್ರ ಬರೋವರ್ಗೂ ಹಳೇದೇ ಇರ್ಲಿ."

ಆ ದಿನವೇ ನಿಯಮ ಮಾಡಿದ ಆಯೋಜಕರಿಗೆ ಬರೆದೆ. ಕಾರಣವನ್ನು ಎರಡು ಪುಟದಲ್ಲಿ ವಿವರಿಸಿದೆ. ಉತ್ತರ ಬರಲಿಲ್ಲ. ಇನ್ನೊಂದು ಸಲ ಬರೆದೆ. ಅದಕ್ಕೂ ಬರಲಿಲ್ಲ. ನಾಲ್ಕನೆಯ ಶನಿವಾರ ಬಂದೇಬಿಟ್ಟಿತು. ಉಳಿದದ್ದು ಅದೂ ಸೇರಿ ನಾಲ್ಕು. ಕಾಯುತ್ತಾ ಕೂತರೆ ಮಕ್ಕಳಿಗೆ ಎರಡೂ ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಸಂಯೋಜಕರಿಗೆ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟೆ: ಕರಡಿನ ರೂಪ ಬದಲಾಯಿಸಿದ್ದು ನಾನು, ತೊಂದರೆಯಾದರೆ ಹೊಣೆ ನನ್ನದು.

ಅವರು ಅದನ್ನು ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. "ಇದು ಬೇಕಿರ್ಲಿಲ್ಲ ಮೇಡಂ," ಎಂದರು. ಆದರೆ ವಾಪಸು ಕೊಡಲಿಲ್ಲ.

ಮಕ್ಕಳಿಗೆ ಪಟ್ಟಿಯನ್ನು ಪಕ್ಕಕ್ಕಿಡಲು ಹೇಳಿ, ನಡವಳಿ ಪುಸ್ತಕದ ಆ ಪುಟವನ್ನೇ ಓದಿದೆ. "ಗ್ರಾಮಸಭೇಲಿ ಹಿಂಗೇ ಓದ್ತಾರೆ," ಎಂದು ಮೂರು ನಾಲ್ಕು ಮಕ್ಕಳು ಒಟ್ಟಿಗೆ ಹೇಳಿದರು. ಪಾವಗಡದ ಹುಡುಗಿ ಆಗಲೇ ಬರೆಯಲು ಶುರುಮಾಡಿದ್ದಳು.

ರೂಪ ಸರಿಹೋಯಿತು ಎಂದು ಸಮಾಧಾನಪಡುವಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಆ ದಿನ ಮಧ್ಯಾಹ್ನ ನಡೆಸಿದ ಅಭ್ಯಾಸ ಸಭೆಯಲ್ಲಿ ಐದು ಕರಡುಗಳು ಬಂದವು. ವಿಷಯ ಆಯೋಜಕರೇ ಕೊಟ್ಟದ್ದು: ಸೌರ ವಿದ್ಯುತ್ತಿಗೆ ಬೇಕಾದ ಭೂಮಿ, ಮತ್ತು ಹುಲ್ಲುಗಾವಲನ್ನು ನಂಬಿ ಬದುಕುವ ಜನ. ಬ್ರೆಜಿಲ್ ಆಗಿದ್ದ ಚನ್ನರಾಯನದುರ್ಗದ ಹುಡುಗ ಹದಿನಾಲ್ಕು ಅಂಶ ಬರೆದಿದ್ದ. ಅದರಲ್ಲಿ ಒಂಬತ್ತು "ಜಾಗೃತಿ ಮೂಡಿಸಬೇಕು" ಎಂದು ಮುಗಿಯುತ್ತಿದ್ದವು.

"ಯಾರಿಗೆ ಜಾಗೃತಿ?" ಎಂದೆ.

"ಎಲ್ರಿಗೂ ಮೇಡಂ."

"ಯಾರು ಮೂಡಿಸೋದು?"

ಯೋಚಿಸಿ ಹೇಳಿದ: "ಅದೇ ಮೇಡಂ, ಮೇಲ್ನೋರು."

ತರಗತಿಯಲ್ಲಿ ಮೊದಲ ಸಲ ನಗು ಎದ್ದಿತು. ಅವನೂ ನಕ್ಕ. ನಾನು ಬೋರ್ಡಿನ ಬಲಗಡೆ ಒಂದು ಚೌಕ ಎಳೆದು ಅದರೊಳಗೆ ಬರೆದೆ: ಜಾಗೃತಿ, ಸೂಕ್ತ ಕ್ರಮ, ಸಾಧ್ಯವಾದಷ್ಟು, ಸಂಬಂಧಪಟ್ಟವರು. ಇವು ನಾಲ್ಕೂ ಇವತ್ತಿಂದ ಬಂದ್ ಎಂದೆ. ಪ್ರತಿ ಅಂಶಕ್ಕೂ ಮೂರು ಪ್ರಶ್ನೆ ಕೇಳಬೇಕು. ಯಾರು ಮಾಡಬೇಕು, ಏನು ಮಾಡಬೇಕು, ಯಾವಾಗ ಮಾಡಿ ಮುಗಿಸಬೇಕು. ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ಆ ಅಂಶಕ್ಕೆ ಅಡ್ಡಗೆರೆ.

ಬ್ರೆಜಿಲ್‌ನ ಹದಿನಾಲ್ಕರಲ್ಲಿ ಎರಡು ಉಳಿದವು. ಉಳಿದ ಮಕ್ಕಳದ್ದೂ ಹೆಚ್ಚು ಕಡಿಮೆ ಅದೇ ಕಥೆ. ಮಂಗೋಲಿಯಾದ ಹುಡುಗಿ ಬರೆದದ್ದು ನಾಲ್ಕೇ ಅಂಶ. ನಾಲ್ಕೂ ಉಳಿದವು. ಅವಳು ಅಟ್ಲಾಸ್ ನೋಡಿ, ಶಾಲೆಯ ಕಂಪ್ಯೂಟರಿನಲ್ಲಿ ಹುಡುಕಿ, ಆ ದೇಶದಲ್ಲಿ ಜನಕ್ಕಿಂತ ಜಾನುವಾರು ಎಷ್ಟೋ ಪಟ್ಟು ಹೆಚ್ಚು ಎಂದು ತಿಳಿದುಕೊಂಡಿದ್ದಳು. "ನಮ್ಮೂರ ಕಡೇದೇ ಕದಾ ಮೇಡಂ ಈ ದೇಶ," ಎಂದು ನನಗೆ ಹೇಳಿದಳು. ವಳ್ಳೂರಿನ ಸುತ್ತ ಎದ್ದರೆ ಕೂತರೆ ಕಣ್ಣಿಗೆ ಬೀಳುವುದು ಸೌರ ಫಲಕವೇ. ಆದ್ದರಿಂದ ಫಲಕದ ಸಾಲು, ಬೇಲಿ, ಕಾವಲು ಗೇಟು ಎಲ್ಲ ಅವಳಿಗೆ ಬರೀ ಪಠ್ಯದ ಮಾತಲ್ಲ. ಬೇಲಿ ಹಾಕುವವರು ಮಂದೆ ಹಾಯಲು ದಾರಿ ಬಿಡಬೇಕು ಎಂಬುದು ಅವಳ ಎರಡನೆಯ ಅಂಶ. ಬೇರೆ ಯಾರ ಕರಡಿನಲ್ಲೂ ಅಂಥದ್ದು ಇರಲಿಲ್ಲ.

ಉಳಿದ ಮೂರು ಶನಿವಾರ ಬರೆಸಿದೆ, ಅಡ್ಡಗೆರೆ ಎಳೆದೆ, ಮತ್ತೆ ಬರೆಸಿದೆ. ಮಕ್ಕಳು ಒಬ್ಬರದನ್ನು ಒಬ್ಬರು ತಿದ್ದುವಷ್ಟು ಪಳಗಿದರು.

ಸಭೆಯ ಮೊದಲ ದಿನ ಬೆಟ್ಟದ ಬುಡದ ಸಭಾಂಗಣದಲ್ಲಿ ನಲವತ್ತು ಮೇಜು, ನಲವತ್ತು ದೇಶದ ಹೆಸರಿನ ಫಲಕ. ಅಧ್ಯಕ್ಷ ಪೀಠದಲ್ಲಿ ಕಾನೂನು ಓದುವ ಒಬ್ಬ ಯುವತಿ. ಇಂಗ್ಲಿಷಿನಲ್ಲಿ ಇಂಥ ಸಭೆ ಎಷ್ಟೋ ನಡೆಸಿದವಳು. ಚುರುಕು, ಮುಖದಲ್ಲಿ ನಗು ಕಡಿಮೆ. ಶಿಕ್ಷಕರು ಹಿಂದಿನ ಸಾಲಿನಲ್ಲಿ ಕೂರಬಹುದು, ಬಾಯಿ ಬಿಡುವಂತಿಲ್ಲ. ಊಟದ ವಿರಾಮದಲ್ಲಿ ಮಾತ್ರ ಮಕ್ಕಳ ಹತ್ತಿರ ಮಾತಾಡಬಹುದು.

ಬೆಳಗಿನ ಭಾಷಣಗಳು ಮುಗಿದು ಮಕ್ಕಳು ಗುಂಪುಗಳಾದರು. ಮಂಗೋಲಿಯಾದ ಜೊತೆ ಸೇರಿ ಕರಡು ಬರೆದದ್ದು ಜರ್ಮನಿ. ಜರ್ಮನಿಯಾಗಿದ್ದವಳು ಶಿರಾದ ಹುಡುಗಿ. ತಂದೆಯದು ಪೇಟೆಯಲ್ಲಿ ಪಾತ್ರೆ ಅಂಗಡಿ. ಗಿರಾಕಿಯ ಹತ್ತಿರ ಮಾತಾಡಿ ಬೆಳೆದ ನಾಲಿಗೆ, ಯಾರಿಗೂ ಸುಲಭಕ್ಕೆ ಬಗ್ಗುವವಳಲ್ಲ. ಕರಡು ಮಂಡಿಸಲು ಇಬ್ಬರು, ಬೆಂಬಲಕ್ಕೆ ಎಂಟು ದೇಶಗಳ ಸಹಿ ಬೇಕು. ಹನ್ನೊಂದು ಸಹಿ ಸಂಪಾದಿಸಿ ಮಧ್ಯಾಹ್ನದ ಹೊತ್ತಿಗೆ ಪೀಠಕ್ಕೆ ಒಪ್ಪಿಸಿದರು.

ಅಧ್ಯಕ್ಷೆ ಓದಿದಳು. ಪಕ್ಕದ ಸಹಾಯಕನ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಮೈಕಿನಲ್ಲಿ: "ಮಂಗೋಲಿಯಾ ಮತ್ತು ಜರ್ಮನಿಯ ಕರಡು ನಿಯಮದ ರೂಪದಲ್ಲಿಲ್ಲ. ಪ್ರತಿ ಅಂಶವೂ ನಿಗದಿತ ಪದದಿಂದ ಆರಂಭವಾಗಬೇಕು. ಪೀಠ ಇದನ್ನು ಸ್ವೀಕರಿಸುವುದಿಲ್ಲ."

ಪಕ್ಕದಲ್ಲಿ ಕೂತ ಸಂಯೋಜಕರು ನನ್ನ ಕಡೆ ತಿರುಗಲಿಲ್ಲ. ಅವರ ಕೈ ಜೇಬಿನ ಮೇಲೆ ಹೋಯಿತು. ನನಗೆ ಎದ್ದು ನಿಂತು ಹೇಳಬೇಕೆನಿಸಿತು, ಇದು ನನ್ನ ತಪ್ಪು, ಮಕ್ಕಳದಲ್ಲ ಎಂದು. ನಿಯಮ ಬಿಡುವುದಿಲ್ಲ. ಉಳಿದ ಗುಂಪುಗಳ ಕರಡುಗಳೂ ಅದೇ ರೂಪದವು. ಒಂದೊಂದಾಗಿ ಎಲ್ಲವೂ ಬೀಳುತ್ತವೆ.

ಆಗ ಮಂಗೋಲಿಯಾದ ಫಲಕ ಮೇಲಕ್ಕೆದ್ದಿತು.

"ನಿಯಮದ ಪ್ರಶ್ನೆ, ಗೌರವಾನ್ವಿತ ಅಧ್ಯಕ್ಷರೇ."

"ಹೇಳಿ."

"ಅಡಿಗೆರೆ ಎಳೆಯುವುದು ಯಾಕೆ ಎಂದು ಮಂಗೋಲಿಯಾ ಕೇಳಬಯಸುತ್ತದೆ."

ಅಧ್ಯಕ್ಷೆ ಕರಡನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು. "ಆ ಅಂಶ ಏನು ಮಾಡ್ತಿದೆ ಅನ್ನೋದು ಓದುವವರಿಗೆ ತಕ್ಷಣ ಕಾಣಲಿ ಅಂತ. ಒತ್ತಾಯಿಸ್ತಿದೆಯಾ, ಕೋರ್ತಿದೆಯಾ, ಖಂಡಿಸ್ತಿದೆಯಾ ಅಂತ."

"ನಮ್ಮ ಕರಡಿನಲ್ಲೂ ಕಾಣುತ್ತದೆ. ಕೊನೆಗೆ ಇದೆ. ಅಡಿಗೆರೆಯೂ ಇದೆ." ಅಲ್ಲಿಯವರೆಗೆ ಕಷ್ಟಪಟ್ಟು ಗ್ರಾಂಥಿಕದಲ್ಲಿ ಹೇಳುತ್ತಿದ್ದವಳು ತಡಕಾಡಿದಳು, ಆಮೇಲೆ ತನ್ನ ಮಾತಿಗೇ ಬಂದಳು. "ಕನ್ನಡದಾಗೆ ಒತ್ತಾಯ ಮಾಡೋದನ್ನ ಕೊನೆಗೇ ಹೇಳ್ತಾರೆ ಮೇಡಂ. ಮೊದ್ಲೇ ಹೇಳಿದ್ರೆ ಏನಕ್ಕೆ ಅಂತ ತಿಳಿಯಲ್ಲ. ಬೇಕಾದ್ರೆ ನೀವೇ ಎರಡು ತರಾನೂ ಓದಿ ಕೇಳಿಸ್ರಿ. ಸಭೇಲಿ ಇರೋರ್ಗೆ ಯಾವ್ದು ಅರ್ಥ ಆಯ್ತದೋ ಅದು ಇಟ್ಕಳಾಣ."

ಜರ್ಮನಿಯ ಹುಡುಗಿ ಎದ್ದು, "ಜರ್ಮನಿ ಇದನ್ನು ಅನುಮೋದಿಸುತ್ತದೆ," ಎಂದು ಕೂತಳು.

ಅಧ್ಯಕ್ಷೆ ಹತ್ತು ನಿಮಿಷ ಸಭೆ ನಿಲ್ಲಿಸಿದಳು. ಕರಡು ಹಿಡಿದು ಪಕ್ಕದ ಕೋಣೆಗೆ ಹೋದಳು. ಗೋಡೆಯ ಆಚೆ ಅವಳು ಗಟ್ಟಿಯಾಗಿ ಓದುವುದು ನಮಗೂ ಕೇಳಿಸಿತು. ಒಂದು ಸಲ ತಿರುಗಾಮುರುಗಾ, ಒಂದು ಸಲ ಇದ್ದ ಹಾಗೆ. ವಾಪಸು ಬಂದು ಮೈಕ್ ಸರಿಮಾಡಿಕೊಂಡಳು.

"ಮಂಗೋಲಿಯಾದ ವಾದವನ್ನು ಪೀಠ ಒಪ್ಪುತ್ತದೆ. ಕ್ರಿಯಾಪದ ಅಂಶದ ಕೊನೆಯಲ್ಲಿ ಬಂದು ಅಡಿಗೆರೆ ಇದ್ದರೆ ಸಾಕು. ಈ ತೀರ್ಪು ಎಲ್ಲ ಕರಡುಗಳಿಗೂ ಅನ್ವಯ."

ಸಂಯೋಜಕರು ಜೇಬಿನಿಂದ ಆ ಹಾಳೆ ತೆಗೆದು ನಾಲ್ಕಾಗಿ ಹರಿದರು.

ಎರಡನೆಯ ದಿನದ ಜಗಳ ರೂಪದ್ದಲ್ಲ, ಒಂದು ಪದದ್ದು. ಕರಡಿನ ಮೂರನೆಯ ಅಂಶ ಹೀಗಿತ್ತು: "ಹುಲ್ಲುಗಾವಲಿನಲ್ಲಿ ಸೌರ ಫಲಕ ನಿಲ್ಲಿಸುವ ಮೊದಲು ಅಲ್ಲಿ ಮೇಯಿಸುವ ಜನರನ್ನು ಕೇಳಿ ಕೆಲಸ ಆರಂಭಿಸಬೇಕೆಂದು ಸದಸ್ಯ ರಾಷ್ಟ್ರಗಳನ್ನು ಒತ್ತಾಯಿಸುತ್ತದೆ."

ಫ್ರಾನ್ಸ್ ಎದ್ದು ಕೇಳಿತು, ಇಲ್ಲಿ ಕೇಳಿ ಎಂದರೆ ಏನರ್ಥ? ಅಭಿಪ್ರಾಯ ಕೇಳಿಸಿಕೊಳ್ಳುವುದೋ, ಅಪ್ಪಣೆ ಪಡೆಯುವುದೋ?

ಜರ್ಮನಿ ಮತ್ತು ಮಂಗೋಲಿಯಾ ಪರಸ್ಪರ ಮುಖ ನೋಡಿಕೊಂಡರು. ಒಂದೇ ಪದ ಬರೆದು ಇಬ್ಬರೂ ಬೇರೆ ಬೇರೆ ಅರ್ಥ ಮಾಡಿಕೊಂಡಿದ್ದು ಅವರಿಗೆ ಆಗಲೇ ಗೊತ್ತಾದದ್ದು. ಅಭಿಪ್ರಾಯ ಕೇಳಿಸಿಕೊಂಡರೆ ಸಾಕು ಎಂಬುದು ಜರ್ಮನಿಯ ನಿಲುವು. ಒಪ್ಪಿಗೆ ಬೇಕೇ ಬೇಕು ಎಂಬುದು ಮಂಗೋಲಿಯಾದ್ದು. ಉತ್ತರ ಕೊಡಲು ಊಟದ ನಂತರದವರೆಗೆ ಸಮಯ ಕೇಳಿದರು.

ಊಟದ ವಿರಾಮದಲ್ಲಿ ಇಬ್ಬರೂ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

"ಒಬ್ಬ ಬೇಡ ಅಂದ್ರೆ ಇಡೀ ಊರ್ಗೆ ಕರೆಂಟಿಲ್ಲ. ಅದು ಇನ್ಸಾಫಾ ಮಿಸ್, ನ್ಯಾಯಾನಾ?" ಎಂದಳು ಶಿರಾದ ಹುಡುಗಿ.

ನನಗೆ ಒಂದು ಉಪಾಯ ಹೊಳೆದಿತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. "ಹಾಗೇ ಬಿಡಿ. 'ಕೇಳಿ' ಅಂತಲೇ ಇರಲಿ. ನಿಮಗೆ ಬೇಕಾದ ಅರ್ಥ ನೀವು ಇಟ್ಕೊಳ್ಳಿ, ಅವಳಿಗೆ ಬೇಕಾದ್ದು ಅವಳು. ನಿಜವಾದ ದೇಶಗಳೂ ಹೀಗೇ ಮಾಡ್ತವೆ. ಕನ್ನಡದಲ್ಲಿ ಇಂಥ ಪದ ಸಿಕ್ಕಿದ್ದೇ ಅದೃಷ್ಟ. ಎಲ್ಲರ ಮತವೂ ಬರತ್ತೆ."

ಜರ್ಮನಿ ತಲೆಯಾಡಿಸಿತು. ಪಾವಗಡದ ಹುಡುಗಿ ಅನ್ನ ಕಲಸುತ್ತಾ ನಿಂತಳು, ತಿನ್ನಲಿಲ್ಲ.

"ನಮ್ಮಪ್ಪಾನೂ ನಮ್ಮಮ್ಮನ್ನ ದಿನಾ ಕೇಳ್ತಾನೆ ಮೇಡಂ, ಇವತ್ತು ಏನ್ ಸಾರು ಮಾಡಾಣ ಅಂತ. ನಮ್ಮಮ್ಮ ಹೇಳ್ತಾಳೆ. ಆಮೇಲೆ ಅವ್ನಿಗೆ ಬೇಕಾದ್ದೇ ಮಾಡುಸ್ತಾನೆ. ಕೇಳ್ದೆ ಕದಾ ಅಂತಾನೆ."

ಶಿರಾದ ಹುಡುಗಿ ನಕ್ಕುಬಿಟ್ಟಳು. ಪಾವಗಡದವಳು ನಗಲಿಲ್ಲ.

"ಎರಡರ್ಥ ಬರಂಗಿದ್ರೆ ಜೋರಿರೋನ ಅರ್ಥಾನೇ ನಡೆಯೋದು ಮೇಡಂ. ನೀವೇ ಕದಾ ಹೇಳಿದ್ದು, ಮೂರು ಪ್ರಶ್ನೆಗೂ ಉತ್ರ ಇರ್ಬೇಕು ಅಂತ? ನಾನು ಇದಕ್ಕೆ ಹೆಸರು ಹಾಕಲ್ಲ."

ನಲವತ್ತು ಮಕ್ಕಳಿಗೆ ನಾಲ್ಕು ಪದ ನಿಷೇಧಿಸಿದವಳು ಐದನೆಯದನ್ನು ನಾನೇ ಕಿಟಕಿಯಿಂದ ಒಳಗೆ ಬಿಡಲು ಹೊರಟಿದ್ದೆ. "ನೀನು ಹೇಳಿದ್ದೇ ಸರಿ," ಎಂದೆ. "ಆದರೆ ಅವಳ ಪ್ರಶ್ನೆಗೂ ಉತ್ತರ ಬೇಕಲ್ಲ? ಒಬ್ಬನೇ ಬೇಡ ಅಂದರೆ?"

ಇಬ್ಬರೂ ತಟ್ಟೆ ಕಟ್ಟೆಯ ಮೇಲಿಟ್ಟು ಅಲ್ಲೇ ಕೂತರು. ನಾನು ಎದ್ದು ದೂರ ಹೋದೆ. ಹತ್ತಿರವಿದ್ದರೆ ಬಾಯಿ ಹಾಕುತ್ತೇನೆ ಎಂದು ನನಗೆ ಗೊತ್ತಿತ್ತು. ದೂರದಿಂದ ನೋಡಿದರೆ ಒಬ್ಬಳು ಕೈ ಆಡಿಸುವುದು, ಇನ್ನೊಬ್ಬಳು ತಲೆ ಅಡ್ಡಡ್ಡ ಆಡಿಸುವುದು. ಒಂದು ಸಲ ಶಿರಾದವಳು ಎದ್ದು ಹೋದಳು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಳು. ಗಂಟೆ ಹೊಡೆದಾಗ ಇಬ್ಬರ ಕೈಯಲ್ಲೂ ಎಂಜಲು ಒಣಗಿತ್ತು. ಪಾವಗಡದವಳ ಎಡಗೈಯಲ್ಲಿ ಒಂದು ಹಾಳೆಯಿತ್ತು.

ಮಂಡಿಸಿದವರಿಬ್ಬರೂ ಒಪ್ಪಿ ತರುವ ತಿದ್ದುಪಡಿಗೆ ಮತ ಬೇಕಿಲ್ಲ, ನೇರವಾಗಿ ಕರಡಿಗೆ ಸೇರುತ್ತದೆ. ಅಧ್ಯಕ್ಷೆಯೇ ಅದನ್ನು ಓದಿದಳು:

"ಹುಲ್ಲುಗಾವಲಿನಲ್ಲಿ ಸೌರ ಫಲಕ ನಿಲ್ಲಿಸುವ ಮೊದಲು ಅಲ್ಲಿ ಮೇಯಿಸುವವರ ಸಭೆ ಕರೆದು, ಅವರು ಆರು ತಿಂಗಳೊಳಗೆ ಹೇಳುವ ಮಾತನ್ನು ಬರೆದುಕೊಂಡು, ಸಭೆಯ ಬಹುಮತ ಒಪ್ಪಿದ ಮೇಲೆಯೇ ಕೆಲಸ ಆರಂಭಿಸಬೇಕೆಂದೂ, ಬಹುಮತ ಒಪ್ಪದಿದ್ದರೆ ಕಾರಣ ಕೇಳಿ ಬೇರೆ ಜಾಗ ತೋರಿಸಿ ಮತ್ತೆ ಸಭೆ ಕರೆಯಬೇಕೆಂದೂ ಸದಸ್ಯ ರಾಷ್ಟ್ರಗಳನ್ನು ಒತ್ತಾಯಿಸುತ್ತದೆ."

ಒಬ್ಬನ ಮಾತಿಗೆ ಕೆಲಸ ನಿಲ್ಲುವುದಿಲ್ಲ, ಅದು ಜರ್ಮನಿಗೆ ಸಿಕ್ಕಿತು. ಒಪ್ಪಿಗೆ ಇಲ್ಲದೆ ಕೆಲಸ ಶುರುವಾಗುವುದಿಲ್ಲ, ಅದು ಮಂಗೋಲಿಯಾಕ್ಕೆ. ಫ್ರಾನ್ಸ್ ಇನ್ನೂ ಎರಡು ಪ್ರಶ್ನೆ ಹಾಕಿತು. ಎರಡಕ್ಕೂ ಶಿರಾದ ಹುಡುಗಿಯೇ ಉತ್ತರ ಕೊಟ್ಟಳು. ಬೆಳಗ್ಗೆ ತಾನು ವಿರೋಧಿಸಿದ ಮಾತನ್ನೇ ಮಧ್ಯಾಹ್ನ ಅಷ್ಟು ಗಟ್ಟಿಯಾಗಿ ಹಿಡಿದು ನಿಂತಳು.

ಮತದಾನದಲ್ಲಿ ದೇಶದ ಹೆಸರು ಕರೆದಂತೆ ಎದ್ದು ಪರ, ವಿರೋಧ, ತಟಸ್ಥ ಎಂದು ಹೇಳಬೇಕು. ಬ್ರೆಜಿಲ್ ಸರದಿ ಬಂದಾಗ ಚನ್ನರಾಯನದುರ್ಗದ ಹುಡುಗ ಎದ್ದು, "ಪರ. ಯಾಕೆಂದರೆ ಇದರಲ್ಲಿ ಎಲ್ಲಿಯೂ ಜಾಗೃತಿ ಇಲ್ಲ," ಎಂದ. ಕಾರಣ ಹೇಳುವಂತಿಲ್ಲ ಎಂದು ಅಧ್ಯಕ್ಷೆ ಗದರಿದಳು. ಆದರೆ ಎರಡು ದಿನದಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗ ಮಾತ್ರ. ಇಪ್ಪತ್ತಾರು ಪರ, ಒಂಬತ್ತು ವಿರೋಧ, ಐದು ತಟಸ್ಥ. ಠರಾವು ಅಂಗೀಕಾರವಾಯಿತು.

ಮುಗಿದ ಮೇಲೆ ಅಧ್ಯಕ್ಷೆ ನನ್ನನ್ನು ಹುಡುಕಿಕೊಂಡು ಬಂದಳು. "ಮೇಡಂ, ಇಷ್ಟು ಸಭೆ ನಡೆಸಿದೀನಿ. ಎಲ್ಲ ಕಡೆ ಆ ಪದಗಳನ್ನ ಅಲಂಕಾರಕ್ಕೆ ಹಾಕ್ತಾರೆ. ಅಡಿಗೆರೆ ಯಾಕೆ ಅಂತ ನನ್ನನ್ನ ಯಾರೂ ಕೇಳಿರಲಿಲ್ಲ. ನಿನ್ನೆ ಕೇಳಿದಾಗಲೇ ನಾನೂ ಯೋಚನೆ ಮಾಡಿದ್ದು," ಎಂದಳು. ಆ ಮಾತು ನನಗೆ ತುಂಬಾ ಸಂತೋಷ ಕೊಟ್ಟಿತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಸಂಜೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯನ್ನು ಕರೆದೊಯ್ಯಲು ಅವಳ ತಾಯಿ ಬಂದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ, ಬಿಸಿಲಿಗೆ ಮುಖ ಕಂದಿದ ಗಟ್ಟಿ ಹೆಂಗಸು. ಶಿರಾದ ಹುಡುಗಿಯೂ ನಾನೂ ಶಿರಾ ಬಸ್ಸಿಗೆ ಅಲ್ಲೇ ನಿಂತಿದ್ದೆವು.

"ಏನಮ್ಮಾ, ಗೆದ್ರಾ?" ಎಂದು ತಾಯಿ ಕೇಳಿದರು.

"ಗೆಲ್ಲೋ ಆಟ ಅಲ್ಲಮ್ಮ ಅದು. ಬರ್ದಿದ್ದು ಪಾಸಾಯ್ತು."

"ಏದಿ, ಎಲ್ಲಿ ಓದು. ಕೇಳಾಣ."

ಹುಡುಗಿ ನನ್ನ ಕಡೆ ನೋಡಿ, ಚೀಲದಿಂದ ಹಾಳೆ ತೆಗೆದು ಬೆಂಚಿನ ಮೇಲೆ ಕೂತು ಓದಿದಳು. ಸುತ್ತ ಕಂಡಕ್ಟರುಗಳ ಕೂಗು, ಹಾರನ್ನು. ತಾಯಿ ತಲೆ ಒಂದು ಕಡೆ ವಾಲಿಸಿ ಕೇಳಿದರು. ಮಧ್ಯೆ ಒಂದು ಪದಕ್ಕೂ ಇದೇನು ಎಂದು ಕೇಳಲಿಲ್ಲ. ಓದಿ ಮುಗಿದ ಮೇಲೆ ಎರಡನೆಯ ಅಂಶವನ್ನು ಇನ್ನೊಂದು ಸಲ ಓದಿಸಿದರು.

"ಬೇಲಿ ಹಾಕೋರು ಮಂದೆ ಹಾಯಕ್ಕೆ ದಾರಿ ಬಿಡ್ಬೇಕು ಅಂತ ಬರ್ದಿದೀರ. ಎಷ್ಟಗಲ?"

ಹುಡುಗಿ ಹಾಳೆ ನೋಡಿದಳು. "ಬರ್ದಿಲ್ಲ."

"ಒಂದು ಕುರಿ ನುಗ್ಗೋವಷ್ಟು ಬಿಟ್ಬುಟ್ಟು ದಾರಿ ಬಿಟ್ಟಿವ್ನಿ ಅಂದ್ರೆ? ಎದುರ್ಗಡೆಯಿಂದ ಇನ್ನೊಂದು ಮಂದೆ ಬಂದ್ರೆ ಏನ್ಮಾಡ್ತೀಯ, ವಾಪಸ್ ಹೊಡ್ಕೊಂಡು ಹೋಗ್ತೀಯ? ಎರಡು ಮಂದೆ ಎದುರುಬದುರು ಹಾಯೋವಷ್ಟು ಅಂತ ಬರೀಬೇಕು ಕದಮ್ಮಾ."

ಏಳು ಶನಿವಾರ ಪಾಠ ಮಾಡಿದವಳು ನಾನು. ಹನ್ನೊಂದು ದೇಶ ಸಹಿ ಹಾಕಿ, ನಲವತ್ತು ದೇಶ ಮತ ಹಾಕಿ, ಒಬ್ಬರಿಗೂ ಹೊಳೆದಿರಲಿಲ್ಲ.

"ಅಲ್ಲಾ, ಇದು ನಾನ್ಯಾಕೆ ಕೇಳ್ಲಿಲ್ಲ?" ಎಂದಳು ಶಿರಾದ ಹುಡುಗಿ, ತನ್ನ ಮೇಲೇ ಸಿಟ್ಟಾಗಿ.

"ಮತ ಆಗೋಯ್ತಮ್ಮ. ಇನ್ನು ತಿದ್ದಂಗಿಲ್ಲ," ಎಂದಳು ಮಗಳು.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಒಮ್ಮೆ ಕೇಳಿ, ಎಲ್ಲಿ ತೂತಿದೆ ಎಂದು ಬೆರಳಿಟ್ಟು ತೋರಿಸುವಷ್ಟು ನೇರವಾಗಿ ಬರೆದಿದ್ದರಲ್ಲ ನನ್ನ ಮಕ್ಕಳು. ನಾನು ಮೊದಲ ಶನಿವಾರ ಬರೆಸಿದ ಕನ್ನಡದಲ್ಲಿ ಅದು ಇದ್ದಿದ್ದರೆ ಆ ತಾಯಿ ಸುಮ್ಮನೆ ತಲೆಯಾಡಿಸಿ, ಚೆನ್ನಾಗೈತೆ ಎಂದು ಹಾಳೆ ಮಡಚಿಡಿಸುತ್ತಿದ್ದರು.

ಪಾವಗಡದ ಬಸ್ಸು ಬಂತು. ತಾಯಿ ಮೊದಲು ಹತ್ತಿ ಕಿಟಕಿಯ ಪಕ್ಕ ಸೀಟು ಹಿಡಿದರು. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ ನನಗೆ ಹೇಳಿದರು: "ಬೇಜಾರ್ ಮಾಡ್ಕೋಬ್ಯಾಡಿ ಮೇಡಂನೋರೆ. ಅದೊಂದು ಬುಟ್ರೆ ಮಿಕ್ಕಿದ್ದೆಲ್ಲ ಸರಿಯಾಗೈತೆ."